ಬಿಡು ಅಂದರೆ

ಆರು ವರ್ಷಗಳಿಂದ ದಿನಾ ಬೆಳಿಗ್ಗೆ ಡಂಗುರ ಎಂಬ ಅಡ್ಡಹೆಸರಿನವಳು ದೋಣಿಯಲ್ಲಿ ನೋಡುತ್ತಿದ್ದದ್ದು ಒಂದೇ ಬೆನ್ನನ್ನು. ಎಡ ಹೆಗಲೆಲುಬಿನ ಕೆಳಗೆ ಸಾಸಿವೆ ಕಾಳಿನಷ್ಟು ಮಚ್ಚೆ ಇರುವ ಬೆನ್ನು. ಸಿಟ್ಟು ಬಂದ ದಿನ ಅದರ ಮೇಲಿನ ಕತ್ತು ಕುಗ್ಗುತ್ತಿತ್ತು. ಮನೆಯಲ್ಲಿ ಏನಾದರೂ ನಡೆದಿದ್ದರೆ ಬೆನ್ನುಹುರಿಯ ನಡುವೆ ಸಣ್ಣ ಬಾಗು ಕಾಣುತ್ತಿತ್ತು. ಬಾಯಿಬಿಟ್ಟು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಗಂಡ ಹೆಂಡತಿಯ ಮುಖವನ್ನೂ ಇಷ್ಟು ನೋಡಿರುವುದಿಲ್ಲ ಎಂದು ಕೋಚ್ ತಮಾಷೆ ಮಾಡುತ್ತಿದ್ದರು.

ಈಗ ಆ ಬೆನ್ನಿನ ಹಿಂದೆ ಹೊಸ ಹುಡುಗಿ ಕೂತಿದ್ದಳು.

ಇಬ್ಬರ ದೋಣಿಯಲ್ಲಿ ಹುಟ್ಟು ಹಾಕುವವರು ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ, ಒಬ್ಬಳ ಹಿಂದೆ ಇನ್ನೊಬ್ಬಳು. ಮುಂದಿನವಳು ಲಯ ಕೊಡುತ್ತಾಳೆ. ಹಿಂದಿನವಳು ಆಗಾಗ ಕತ್ತು ಹೊರಳಿಸಿ ದಾರಿ ನೋಡುತ್ತಾಳೆ, ಕೂಗಿ ಹೇಳುತ್ತಾಳೆ. ಮುಂದೆ ಕೂರುವವಳು ತೆಂಗಿನ ಮರದಂತೆ ಎತ್ತರ. ಕ್ಲಬ್ಬಿನಲ್ಲಿ ಅವಳಿಗೆ ಏಣಿ ಎಂದೇ ಹೆಸರು. ಹಿಂದೆ ಕೂರುತ್ತಿದ್ದವಳು ದಡದ ಮೇಲೆ ಮೂರು ಮಾತಿಗೆ ಒಂದು ಉತ್ತರ ಕೊಡುವ ಮೂಗಿ, ನೀರಿಗಿಳಿದರೆ ಸರೋವರದ ಆಚೆ ದಂಡೆಗೂ ಕೇಳುವ ಗಂಟಲು. ಅದಕ್ಕೇ ಡಂಗುರ.

ಡಂಗುರ ದೋಣಿಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಕೂರುವಂತಿರಲಿಲ್ಲ. ಕೂತರೆ ಕಿಬ್ಬೊಟ್ಟೆಯ ಕೆಳಗೆ, ಸೀಟಿಗೆ ತಾಗುವ ಎರಡು ಮೂಳೆಗಳ ನಡುವೆ, ಯಾರೋ ಕೆಂಡ ಇಟ್ಟು ಊದಿದಂತಾಗುತ್ತಿತ್ತು.

ನೋವು ಶುರುವಾದದ್ದು ಹಿಂದಿನ ಋತುವಿನಲ್ಲಿ. ಮೊದಲು ಅಭ್ಯಾಸ ಮುಗಿದ ಮೇಲೆ ಒಂದಿಷ್ಟು ಹೊತ್ತು. ಆಮೇಲೆ ಅಭ್ಯಾಸದ ನಡುವೆ. ಆಮೇಲೆ ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ಸಿನಿಮಾದಲ್ಲಿ. ಮೂತ್ರಕ್ಕೆ ಹೋಗಿ ಬಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹೋಗಬೇಕೆನ್ನಿಸುತ್ತಿತ್ತು. ಇಂಥ ಜಾಗದ ನೋವನ್ನು ಯಾರ ಹತ್ತಿರ ಹೇಳುವುದು? ಮಂಡಿಯಾದರೆ ಪಟ್ಟಿ ಸುತ್ತಿಕೊಂಡು ಕುಂಟಬಹುದು, ನಾಲ್ಕು ಜನ ಅಯ್ಯೋ ಅನ್ನುತ್ತಾರೆ. ಅವಳು ಹಲ್ಲು ಕಚ್ಚಿ ಕೂಗುತ್ತಾ ಹುಟ್ಟು ಹಾಕಿದಳು. ಹೇಳಿದರೆ ತನ್ನ ಸೀಟಿನಲ್ಲಿ ಬೇರೆಯವಳನ್ನು ಕೂರಿಸುತ್ತಾರೆ ಎಂಬುದೊಂದೇ ಹೆದರಿಕೆ.

ಗುಟ್ಟಾಗಿ ಡಾಕ್ಟರುಗಳ ಬಾಗಿಲು ತಟ್ಟಿದಳು. ಒಬ್ಬರು ಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟರು, ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಇನ್ನೊಮ್ಮೆ ಕೊಟ್ಟರು. ಇನ್ನೊಬ್ಬರು ಸೊಂಟದ ಸ್ಕ್ಯಾನ್ ಮಾಡಿಸಿ, "ಎಲ್ಲಾ ನಾರ್ಮಲ್ ಇದೆಯಲ್ಲಮ್ಮಾ, ಖುಷಿಪಡು" ಅಂದರು. ಮೂರನೆಯವರು, "ಹೊಟ್ಟೆ ಉರಿಯುತ್ತಾ?" ಎಂದು ಕೇಳಿದಾಗ ಅವಳು ಹೌದು ಅಂದಳು. ಆ ಹೊತ್ತಿಗೆ ಎರಡೂ ಥರ ಉರಿಯುತ್ತಿತ್ತು. ಅಷ್ಟರಲ್ಲಾಗಲೇ, ದೂರದ ಪಂದ್ಯದಿಂದ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಕಂಬ ಹಿಡಿದು ನಿಂತಿದ್ದನ್ನು ಕೋಚ್ ನೋಡಿ, ಮಾರನೇ ದಿನ ಅವಳನ್ನು ದೋಣಿಯಿಂದ ಇಳಿಸಿ, ಬೇರೆ ಕ್ಲಬ್ಬಿನಿಂದ ಈ ಹುಡುಗಿಯನ್ನು ಕರೆತಂದಿದ್ದರು.

ಹುಡುಗಿ ಕೆಟ್ಟವಳೇನಲ್ಲ. ಅದೇ ಕಷ್ಟವಾಗಿತ್ತು. ಬಂದ ದಿನವೇ, "ಅಕ್ಕಾ, ನಿಮ್ಮ ಜಾಗದಲ್ಲಿ ಕೂರೋಕೆ ನಂಗೆ ಭಯ ಆಗ್ತಿದೆ" ಅಂದಿದ್ದಳು. ಡಂಗುರ ನಕ್ಕು, "ಸೀಟೇನು ಕಚ್ಚಲ್ಲ ಬಿಡು" ಅಂದಿದ್ದಳು. ಮನಸ್ಸಿನಲ್ಲಿ, ಕಚ್ಚಲಿ ಎಂದುಕೊಂಡಿದ್ದಳು.

ಮನೆಯಲ್ಲಿ ಅಮ್ಮ ಹಳೇ ಪರದೆ ಬಟ್ಟೆಯಲ್ಲಿ ನಡುವೆ ತೂತಿರುವ ದುಂಡು ದಿಂಬು ಹೊಲಿದುಕೊಟ್ಟಿದ್ದರು. ಅಪ್ಪ ಅದನ್ನು ನೋಡಿ, "ಇದೇನು ವಡೆನಾ?" ಅಂದಿದ್ದಕ್ಕೆ ಅಮ್ಮ ರೇಗಿ ಎರಡು ದಿನ ಅವರ ಜೊತೆ ಮಾತು ಬಿಟ್ಟರು. ಡಂಗುರಳನ್ನು ಮಾತ್ರ ಅಮ್ಮನೂ ಏನೂ ಕೇಳಲಿಲ್ಲ. ಆ ಮನೆಯಲ್ಲಿ ಸೊಂಟದಿಂದ ಕೆಳಗೆ, ತೊಡೆಯಿಂದ ಮೇಲೆ ಇರುವುದಕ್ಕೆ ಹೆಸರೇ ಇರಲಿಲ್ಲ. ದಿಂಬು ಹೊಲಿಯುವುದೇ ಮಾತು.

ಅಂದು ಬೆಳಿಗ್ಗೆ ದೋಣಿ ಅಭ್ಯಾಸ ಮುಗಿಸಿ ದಡಕ್ಕೆ ಬರುತ್ತಿತ್ತು. ಎದುರುಗಾಳಿ ಇದ್ದಕ್ಕಿದ್ದಂತೆ ನಿಂತಿದ್ದರಿಂದ ವೇಗ ಸ್ವಲ್ಪ ಹೆಚ್ಚೇ ಇತ್ತು. ಹೊಸ ಹುಡುಗಿ ಕತ್ತು ಹೊರಳಿಸಿ ನೋಡಿದಳು. ಮರದ ಕಟ್ಟೆ ಮೈಮೇಲೆ ಬರುತ್ತಿದ್ದಂತೆ ಕಂಡು ಗಾಬರಿಯಲ್ಲಿ ಕಿರುಚಿದಳು.

"ಬಿಡಕ್ಕಾ! ಬಿಡು, ಬಿಡು!"

ಏಣಿಯ ಬೆನ್ನು ಬಿಲ್ಲಿನಂತೆ ಬಾಗಿ ನೆಟ್ಟಗಾದದ್ದನ್ನು ಡಂಗುರ ಕಂಡಳು. ಕಾಲುಗಳು ಒದ್ದವು, ಎರಡೂ ಹುಟ್ಟುಗಳು ನೀರನ್ನು ಸೀಳಿದವು. ನಿಲ್ಲಬೇಕಿದ್ದ ದೋಣಿ ಬಾಣದಂತೆ ಬಂದು ಕಟ್ಟೆಗೆ ಗುದ್ದಿತು. ಮೂತಿ ಚಿಪ್ಪೆದ್ದು ಹೋಯಿತು. ಏಣಿ ಸೀಟಿನ ಸಮೇತ ಹಿಂದಕ್ಕೆ ಜಾರಿ, ಅವಳ ತಲೆ ಹೊಸ ಹುಡುಗಿಯ ಹಣೆಗೆ ಬಡಿಯಿತು. ಏಣಿಯ ಹೆಬ್ಬೆರಳು ಎರಡು ಹುಟ್ಟುಗಳ ಹಿಡಿಗಳ ನಡುವೆ ಸಿಕ್ಕಿ ಉಗುರು ಕಪ್ಪಾಯಿತು.

ಕೋಚ್ ಓಡಿ ಬಂದರು. "ಯಾರಿಗೆ ಕಣ್ಣಿಲ್ಲ ನಿಮ್ಮಿಬ್ಬರಲ್ಲಿ?"

"ನಾನು ಬಿಡು ಅಂದೆ ಸರ್," ಎಂದಳು ಹುಡುಗಿ ಹಣೆ ಉಜ್ಜಿಕೊಳ್ಳುತ್ತಾ. "ನಮ್ಮ ಹಳೇ ಕ್ಲಬ್ಬಲ್ಲಿ ನಿಲ್ಲಿಸೋಕೆ ಹಾಗೇ ಅಂತಿದ್ವಿ. ಗಾಬರೀಲಿ ಅದೇ ಬಂತು."

"ಇಲ್ಲಿ 'ನಿಲ್ಲು' ಅಂತೀವಿ, ಎಷ್ಟು ಸಲ ಹೇಳಿದೀನಿ! ಆದ್ರೂ ಬಿಡು ಅಂದ್ರೆ ಯಾರಾದ್ರೂ ಇನ್ನೂ ಜೋರಾಗಿ ಎಳೀತಾರಾ? ನೀನೇ ಹೆದರಿಕೊಂಡು ಎಳೆದಿರ್ತೀಯ, ಅವಳು ನಿನ್ನ ಜೊತೆ ಎಳೆದಿದಾಳೆ."

ಹುಡುಗಿ ತನ್ನ ಕೈಗಳನ್ನೇ ನೋಡಿಕೊಂಡಳು. ತಾನು ಎಳೆದೆನೋ ಇಲ್ಲವೋ ಎಂಬುದು ಅವಳಿಗೇ ಅನುಮಾನವಾದಂತಿತ್ತು.

ಏಣಿ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ತಲೆಯೆತ್ತಿ ಡಂಗುರಳನ್ನು ನೋಡಿದಳು. ಆ ನೋಟದ ಅರ್ಥ ಇಬ್ಬರಿಗೇ ಗೊತ್ತಿತ್ತು.

ಇಬ್ಬರೂ ಜೊತೆಯಾಗಿ ಆಡಿದ ಮೊದಲ ಪಂದ್ಯದಲ್ಲಿ ಪಕ್ಕದ ದೋಣಿಯೊಂದು ಅಂಟಿದ ಜಿಗಣೆಯಂತೆ ಜೊತೆಗೇ ಬರುತ್ತಿತ್ತು. ಗುರಿ ಕಣ್ಣಿಗೆ ಬಿದ್ದಾಗ ಡಂಗುರ ತಡೆಯಲಾರದೆ, "ಬಿಡೇ ಅವರನ್ನ! ಹಿಂದೆ ಬಿಡು!" ಎಂದು ಅರಚಿದ್ದಳು. ಅಂದು ಗೆದ್ದರು. ಅಲ್ಲಿಂದೀಚೆಗೆ 'ಬಿಡು' ಅಂದರೆ ಅವರಿಬ್ಬರ ದೋಣಿಯಲ್ಲಿ ಉಳಿದ ಪ್ರಾಣವನ್ನೆಲ್ಲ ಒಂದೇ ಸಲ ಸುರಿ ಎಂದರ್ಥ. ಬೇರೆ ದೋಣಿಯವರು ಕೇಳಿದರೆ ಇವರು ಸೋತು ಕೈಬಿಟ್ಟರು ಎಂದು ತಿಳಿದು ಸಡಿಲಾಗಲಿ ಎಂಬ ಕಿಲಾಡಿತನವೂ ಅದರಲ್ಲಿತ್ತು. ಕೋಚ್‌ಗೂ ಹೇಳಬಾರದು ಎಂದು ಭಾಷೆ ಕೊಟ್ಟುಕೊಂಡಿದ್ದರು. ಮಾತು ಇಬ್ಬರದು, ಒಬ್ಬಳೇ ಬಿಟ್ಟುಕೊಡುವಂತಿರಲಿಲ್ಲ.

ಏಣಿ ಕಾಯುತ್ತಿದ್ದಳು. ಡಂಗುರ ಹೇಳಲಿ ಎಂದು.

ಡಂಗುರ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಒಳಗೆ ಮಾತ್ರ ಹಬ್ಬ. ಇಷ್ಟು ದಿನ ಆ ಹುಡುಗಿ ಹಿಂದೆ ಕೂತು ಲೆಕ್ಕ ಹಾಕಿದ್ದೇನು, ಕೂಗಿದ್ದೇನು! ಏಣಿಯ ಮೈ ಇನ್ನೂ ನನ್ನ ಮಾತನ್ನೇ ಕೇಳುತ್ತಿದೆ.

ಕೋಚ್ ಅವಳನ್ನು ಪಕ್ಕಕ್ಕೆ ಕರೆದರು. "ಈ ಜೋಡಿ ಕೂಡಿ ಬರ್ತಿಲ್ಲಮ್ಮಾ. ಆಯ್ಕೆ ಪಂದ್ಯ ಹತ್ತಿರ ಬಂತು. ಹುಡುಗಿನ ವಾಪಸ್ ಕಳಿಸೋದು ಅಂತ ಅನ್ಸ್ತಿದೆ. ನೀನು ಹೇಗಿದೀಯ? ನಿಜ ಹೇಳು."

"ವಾಸಿ ಸರ್. ಕೂರಬಲ್ಲೆ."

"ಫಿಸಿಯೋ ಏನಂದ್ರು?"

"ಅವರೂ ವಾಸಿ ಅಂದ್ರು."

ಫಿಸಿಯೋ ಹಾಗೆ ಅಂದಿರಲೇ ಇಲ್ಲ. ಅವರನ್ನು ಎರಡನೇ ಸಲ ನೋಡಲು ಹೋಗಬೇಕಾಗಿದ್ದದ್ದೇ ಅಂದು ಮಧ್ಯಾಹ್ನ.

ಫಿಸಿಯೋ ಮೇಡಂ ಕೋಣೆ ಔಷಧಿ ಅಂಗಡಿಯ ಮೇಲಿತ್ತು. ಕಿಟಕಿಗೆ ದಪ್ಪ ಪರದೆ, ಎತ್ತರದ ಮಂಚ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ. ಅದರ ಮೇಲೆ ಯಾರೋ ಕೊಡೆ ನೇತುಹಾಕಿ ಮರೆತು ಹೋಗಿದ್ದರು. ಮೇಡಂ ನಡುವಯಸ್ಸಿನವರು, ಅವಸರವಿಲ್ಲದವರು. ಮೊದಲ ಸಲ ಬಂದಾಗ ಅವರು ಡಂಗುರಳನ್ನು ಮುಟ್ಟಿಯೇ ಇರಲಿಲ್ಲ, ಬರೀ ಕೇಳಿದ್ದರು. ಅಷ್ಟೂ ಹೊತ್ತು ಯಾರೂ ಅವಳ ಮಾತನ್ನು ತುಂಡರಿಸದೆ ಇದ್ದದ್ದು ಅದೇ ಮೊದಲು. ಮಾತು ಮುಗಿದ ಮೇಲೆ ಅವರು ಆ ಪ್ಲಾಸ್ಟಿಕ್ ಮೂಳೆಯನ್ನು ಮಡಿಲಲ್ಲಿಟ್ಟುಕೊಂಡು ವಿವರಿಸಿದ್ದರು.

"ಇದು ತಳ ಇಲ್ಲದ ಬಟ್ಟಲು. ತಳದಲ್ಲಿ ತೊಟ್ಟಿಲ ಜೋಲಿ ಥರ ಸ್ನಾಯುಗಳು. ಉಸಿರು ಎಳ್ಕೊಂಡಾಗ ಜೋಲಿ ಇಳೀಬೇಕು, ಬಿಟ್ಟಾಗ ಏರಬೇಕು. ನಿಮ್ಮದು ಇಳಿಯೋದನ್ನೇ ಮರೆತಿದೆ. ಹಗಲೂ ರಾತ್ರಿ ಮುಷ್ಟಿ ಕಟ್ಟಿಕೊಂಡಿರೋ ಕೈ ನೋಯಲ್ವಾ?"

"ಅಂದ್ರೆ ಶಕ್ತಿ ಕಮ್ಮಿ ಆಗಿದ್ಯಾ ಮೇಡಂ? ನಾನು ಫೋನಲ್ಲಿ ನೋಡಿ ಬಿಗಿ ಮಾಡೋ ವ್ಯಾಯಾಮ ಮಾಡ್ತಿದೀನಿ. ಎಲ್ಲಾ ಬಿಟ್ಟು ಅದನ್ನೇ ಮಾಡ್ತಿದೀನಿ."

"ಅಯ್ಯೋ ದೇವರೇ. ಉರಿಯೋ ಬೆಂಕಿಗೆ ತುಪ್ಪ ಸುರಿದಿದೀರಿ."

"ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರು. ಹಾಗಾದ್ರೆ ಸುಮ್ಮಸುಮ್ಮನೆ ನೋಯ್ತಿದ್ಯಾ?"

"ನೋವು ಸುಳ್ಳಲ್ಲ. ಮನೆಗೆ ಒಂದ್ಸಲ ಕಳ್ಳ ಬಂದ ಅಂತ ಇಟ್ಕೊಳ್ಳಿ. ಆಮೇಲೆ ನಾಯಿ ಅಂಚೆಯವನಿಗೂ ಬೊಗಳುತ್ತೆ, ಎಲೆ ಉದುರಿದ್ರೂ ಬೊಗಳುತ್ತೆ. ಕಳ್ಳ ಇಲ್ಲ ನಿಜ, ಬೊಗಳೋದೂ ನಿಜ ತಾನೇ? ನಾಯಿನ ಹೊಡೆದು ಸುಮ್ಮನಿರಿಸೋಕಾಗಲ್ಲ. ಮೆಲ್ಲಗೆ ಧೈರ್ಯ ಹೇಳ್ಬೇಕು. ಉಸಿರು, ನಡಿಗೆ, ನಿದ್ದೆ, ಸೀಟು, ಹುಟ್ಟು ಹಾಕೋ ಮೆಷಿನ್ ಮೇಲೆ ಸ್ವಲ್ಪಸ್ವಲ್ಪ. ತಿಂಗಳುಗಳು ಹಿಡಿಯುತ್ತೆ."

ಇಂದು ಮೇಡಂ ಅವಳ ಒಪ್ಪಿಗೆ ಕೇಳಿ, ಮೈಮೇಲೆ ಬಟ್ಟೆ ಹೊದಿಸಿ, ಯಾವಾಗ ಬೇಡ ಅಂದರೂ ನಿಲ್ಲಿಸುತ್ತೇನೆ ಎಂದು ಹೇಳಿ, ಕೈಗವಸಿನ ಒಂದು ಬೆರಳಿನಿಂದ ಒಳಗಿನ ಸ್ನಾಯುಗಳನ್ನು ಪರೀಕ್ಷಿಸಿದರು. ಎಡಗಡೆ ಒಂದು ಕಡೆ ಒತ್ತಿದಾಗ ದೋಣಿಯ ಅದೇ ಉರಿ ಚುರ್ರೆಂದು ಎದ್ದಿತು. ಡಂಗುರಳ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಕೊನೆಗೂ ಒಬ್ಬರ ಬೆರಳಿಗೆ ಅದು ಸಿಕ್ಕಿತ್ತು.

"ಇದೇ ಅಲ್ವಾ? ಸರಿ. ಈಗ ನಿಧಾನ ಉಸಿರೆಳ್ಕೊಳ್ಳಿ. ಬಿಡಿ."

ಮೇಡಂ ಬೆರಳು ಅಲ್ಲೇ ಇಟ್ಟು ಕಾದರು. ಮತ್ತೆ ಹೇಳಿದರು. "ಬಿಡಿ. ಪೂರ್ತಿ ಬಿಡಿ."

"ಬಿಡ್ತಿದೀನಿ ಮೇಡಂ."

"ಇಲ್ಲಮ್ಮಾ. ನಾನು ಬಿಡಿ ಅಂದ ತಕ್ಷಣ ನೀವು ಹಿಡೀತಿದೀರಿ. ಸುಮ್ಮನಿದ್ದಾಗ ಇಷ್ಟು ಬಿಗಿ ಇಲ್ಲ. ಬೇರೆ ಮಾತು ಹೇಳ್ತೀನಿ ನೋಡೋಣ. ಇಳಿಸಿ... ಹ್ಞಾ, ಈಗ ಸ್ವಲ್ಪ ಇಳೀತು. ಬಿಡಿ... ನೋಡಿ, ಮತ್ತೆ ಬಿಗೀತು! ಇದೇನಿದು? ಯಾರಾದ್ರೂ ನಿಮಗೆ ಬಿಡು ಬಿಡು ಅಂತ ಬೈತಿದ್ರಾ?"

ಡಂಗುರ ಛಾವಣಿ ನೋಡುತ್ತಾ ಮಲಗಿದಳು. ಬೆಳಿಗ್ಗೆ ಏಣಿಯ ಮೈ ತನ್ನ ಮಾತು ಕೇಳಿತೆಂದು ಹಿಗ್ಗಿದ್ದಳಲ್ಲ! ಕೂಗಿದವಳ ಮೈಯೂ ಅದನ್ನೇ ಕೇಳುತ್ತಾ ಬಂದಿತ್ತು. ಆರು ವರ್ಷ 'ಬಿಡು' ಎಂದು ಕೂಗಿದಾಗೆಲ್ಲ ಅವಳು ಉಸಿರು ಕಟ್ಟಿ, ತಳವನ್ನೆಲ್ಲ ಬಿಗಿದು ಹಿಡಿದಿದ್ದಳು.

"ನಾನೇ ಕೂಗ್ತಿದ್ದೆ ಮೇಡಂ," ಎಂದಳು ಕೊನೆಗೆ. ಭಾಷೆ ಮುರಿದು ಎಲ್ಲ ಹೇಳಿದಳು.

ಮೇಡಂ ಜೋರಾಗಿ ನಕ್ಕುಬಿಟ್ಟರು, ಆಮೇಲೆ ಕ್ಷಮೆ ಕೇಳಿದರು. "ಈ ಒಂದು ಮಾತಿಂದಲೇ ಇಷ್ಟೆಲ್ಲ ಆಯ್ತು ಅಂತಲ್ಲ. ಗಟ್ಟಿ ಸೀಟು, ಹೆದರಿಕೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದು, ಎಲ್ಲ ಸೇರಿದೆ. ಆದ್ರೆ ಈಗ ದೋಣಿ ಹತ್ತಿ ಅದೇ ಮಾತು ಕೂಗಿದ್ರೆ ನಾವು ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಆಯ್ಕೆ ಪಂದ್ಯಕ್ಕೆ ಕೂರ್ತೀರಾ ಅಂತ ಕೋಚ್ ಕೇಳಿದ್ರೆ ಏನ್ ಹೇಳ್ಬೇಕು ನಾನು?"

"ಹೇಳಿಬಿಟ್ಟಿದೀನಿ ಮೇಡಂ. ಕೂರ್ತೀನಿ ಅಂತ."

ಮೇಡಂ ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಪರದೆ ಸರಿಸಿದರು. ಬೈದಿದ್ದರೆ ಅವಳು ಎದುರು ವಾದಿಸಬಹುದಿತ್ತು.

ಸಂಜೆ ದೋಣಿಮನೆಯಲ್ಲಿ ಏಣಿ ಒಬ್ಬಳೇ ಚಿಪ್ಪೆದ್ದ ಮೂತಿಗೆ ಅಂಟು ಸವರುತ್ತಿದ್ದಳು. ಡಂಗುರ ಹೋಗಿ ಎದುರು ನಿಂತಳು. ದೋಣಿ ನಡುವೆ.

"ಬಂದ್ಯಾ," ಎಂದಳು ಏಣಿ ತಲೆಯೆತ್ತದೆ. "ವಾಸಿ ಆಯ್ತಂತಲ್ಲ. ಕೋಚ್ ಹೇಳಿದ್ರು. ನನಗೆ ಎಲ್ಲಾನೂ ಕೋಚೇ ಹೇಳ್ಬೇಕು."

"ವಾಸಿ ಆಗಿಲ್ಲ."

ಏಣಿಯ ಕುಂಚ ನಿಂತಿತು.

"ಸುಳ್ಳು ಹೇಳ್ದೆ. ಆ ಹುಡುಗಿ ಹೋಗ್ಲಿ ಅಂತ."

"ಬೆಳಿಗ್ಗೆ ಅವಳು ಬೈಸ್ಕೊಳ್ತಾ ಇದ್ದಾಗ ನಿನ್ನ ಮುಖ ನೋಡ್ದೆ ಕಣೇ. ನೀನು ನಗು ತಡ್ಕೊಂಡು ನಿಂತಿದ್ದೆ. ನನ್ನ ಉಗುರು ಹೋದ್ರೂ ನಿಂಗೆ ನಗು."

"ನಗೂನೇ. ನಂಗೆ ಅವಳನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ."

"ಇದು ಯಾವ ಉರಿ? ಸ್ಕ್ಯಾನ್ ಮಾಡಿಸಿದ್ಯಂತಲ್ಲ, ಆ ಉರಿನಾ?"

"ಅದು ಕೆಳಗಿಂದು. ಇದು ಮೇಲಿಂದು. ಸ್ಕ್ಯಾನಲ್ಲಿ ಎರಡೂ ಕಾಣಲ್ಲ."

ಏಣಿಗೆ ನಗು ಬಂತು, ಆದರೆ ಸಿಟ್ಟು ಬಿಟ್ಟುಕೊಡಲಿಲ್ಲ. ಕುಂಚವನ್ನು ಡಬ್ಬಿಯೊಳಗೆ ಎಸೆದಳು. "ಒಂದು ಋತುಪೂರ್ತಿ ನನ್ನ ಹಿಂದೆ ಕೂತು ನೋವು ತಿಂದ್ಯಲ್ಲೇ! ನಾನು ತಿರುಗಿ ನೋಡೋ ಹಾಗಿಲ್ಲ ಅಂತ ಗೊತ್ತಿತ್ತು ನಿಂಗೆ. ನನ್ನ ಬೆನ್ನು ನೋಡಿ ನನ್ನ ಮನೆ ಸಂಗತಿಯೆಲ್ಲ ಹೇಳ್ತೀಯ. ನಂಗೇನು ಸಿಕ್ತು ನಿನ್ನಿಂದ? ಬರೀ ಕೂಗು."

ಇದನ್ನು ಡಂಗುರ ಎಂದೂ ಯೋಚಿಸಿರಲಿಲ್ಲ. ಕಸಿದುಕೊಂಡವರ ಲೆಕ್ಕವನ್ನಷ್ಟೇ ಇಟ್ಟವಳಿಗೆ ತಾನು ಕೊಡದೆ ಉಳಿಸಿಕೊಂಡದ್ದು ಕಂಡಿರಲಿಲ್ಲ.

"ಹೇಳಿದ್ರೆ ಬೇರೆಯವಳನ್ನ ಕೂರಿಸ್ತಾರೆ ಅಂತ ಹೆದರಿಕೆ."

"ಹೇಳದೆ ಇದ್ದಿದ್ದಕ್ಕೂ ಅದೇ ಆಯ್ತಲ್ಲ."

ಏಣಿ ಕುಂಚವನ್ನು ಡಬ್ಬಿಯಿಂದೆತ್ತಿ ಮತ್ತೆ ಸವರತೊಡಗಿದಳು. ಅಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಕೊನೆಗೆ ಡಂಗುರ ಕೇಳಿದಳು. "ಮುಂದಿನ ವರ್ಷ ನನ್ನ ಜಾಗ ಇರುತ್ತಾ?"

"ಇರುತ್ತೆ ಅಂತ ಹೇಳಲ್ಲ. ಅವಳು ಚೆನ್ನಾಗಿ ಎಳೀತಾಳೆ."

ಆ ಮಾತು ಸೀದಾ ಬಂದು ಕೆಳಗೆ ನಾಟಿತು. ಡಂಗುರ ಕಂಬ ಹಿಡಿದುಕೊಂಡಳು. ಏಣಿ ಸುಳ್ಳಾದರೂ ಹೇಳಬಹುದಿತ್ತು. ಹೇಳಿದ್ದರೆ ಮತ್ತೆ ಶುರುವಾಗುತ್ತಿತ್ತು ಅದೇ ಆಟ.

ಮಾರನೇ ಬೆಳಿಗ್ಗೆ ಅವಳು ಕೋಚ್ ಎದುರಿಗೇ ಹೊಸ ಹುಡುಗಿಯನ್ನು ಕರೆದು ನಿಲ್ಲಿಸಿ ಎಲ್ಲ ಹೇಳಿದಳು: 'ಬಿಡು' ಅಂದರೆ ಏನು, ದೋಣಿ ಯಾಕೆ ಗುದ್ದಿತು, ತಾನು ವಾಸಿ ಅಂದದ್ದು ಯಾಕೆ. ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆರು ವರ್ಷ ನನ್ನ ಮುಂದೇನೇ! ನಾನೇನು ಇಲ್ಲಿ ಕುರಿ ಕಾಯ್ತಿದ್ನಾ?"

ಹುಡುಗಿ ನಗಲಿಲ್ಲ. ಅವಳ ಹಣೆಯಲ್ಲಿ ಇನ್ನೂ ಬುಗುಟು ಇತ್ತು. "ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಅಕ್ಕಾ ನಂಗೆ. ನಾನು ಎಳೆದ್ನಾ, ನಾನು ಎಳೆದ್ನಾ ಅಂತ ಅದನ್ನೇ ಯೋಚಿಸ್ತಿದ್ದೆ. ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ."

"ತಪ್ಪು ಅಂತನಾದ್ರೂ ಅನ್ನಿ."

"ತಪ್ಪು," ಎಂದಳು ಡಂಗುರ. ನೀರಿನ ಮೇಲೆ ಮೈಲಿ ದೂರ ಕೇಳಿಸುತ್ತಿದ್ದ ಗಂಟಲಲ್ಲಿ ಆ ಒಂದು ಪದ ಎದುರು ನಿಂತವಳಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಕೆಲವು ವಾರ ಕಳೆದು, ಆಯ್ಕೆಗೆ ಮುಂಚಿನ ಕೊನೆಯ ಅಭ್ಯಾಸದ ದಿನ, ಕೋಚ್ ಅವಳನ್ನು ತಮ್ಮ ಮೋಟಾರು ದೋಣಿಗೆ ಹತ್ತಿಸಿಕೊಂಡರು. ಅವಳು ಒಂದಿಷ್ಟು ಹೊತ್ತು ಕೂತಳು, ಒಂದಿಷ್ಟು ಹೊತ್ತು ನಿಂತಳು. ಉರಿ ಹೋಗಿರಲಿಲ್ಲ, ಆದರೆ ಈಗ ಬರುತ್ತಿತ್ತು, ಹೋಗುತ್ತಿತ್ತು. ಹೋಗುವುದೂ ಉಂಟು ಎಂದು ಗೊತ್ತಾದ ಮೇಲೆ ಬಂದಾಗಿನ ಹೆದರಿಕೆ ಕಡಿಮೆಯಾಗಿತ್ತು.

ಮೋಟಾರು ದೋಣಿ ಜೋಡಿಯ ಹಿಂದೆ ಹಿಂದೆ ಸಾಗಿತು. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿರುತ್ತಾರಲ್ಲ. ಏಣಿ ಅವಳ ಕಡೆಗೇ ತಿರುಗಿದ್ದಳು. ಆರು ವರ್ಷದಲ್ಲಿ ಮೊದಲ ಬಾರಿಗೆ ಡಂಗುರ ಹುಟ್ಟು ಹಾಕುವ ಏಣಿಯ ಮುಖ ಕಂಡಳು. ಒಂದು ಕಣ್ಣು ಪೂರ್ತಿ ಮುಚ್ಚಿ, ಕೆಳದುಟಿ ಒಂದು ಪಕ್ಕಕ್ಕೆ ಜಾರಿ, ನಾಲಿಗೆಯ ತುದಿ ಹೊರಗೆ. ಹುಳಿ ತಿಂದ ಕೂಸಿನಂತಿತ್ತು.

ಗುರಿ ಸಮೀಪಿಸಿದಾಗ ಹೊಸ ಹುಡುಗಿಯ ಬಾಯಿ ತೆರೆಯಿತು. ಏನೋ ಕೂಗಿದಳು. ಒಂದೇ ಪದ. ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲ. ದೋಣಿ ನೀರಿನಿಂದ ಎದ್ದಂತೆ ಮುಂದಕ್ಕೆ ಚಿಮ್ಮಿತು.

"ಏನಂದ್ಲು?" ಎಂದು ಕೋಚ್ ಕೇಳಿದರು.

"ಗೊತ್ತಿಲ್ಲ."

ಉರಿ ಎದ್ದಿತು. ಯಾವುದೆಂದು ಅವಳು ಈಗ ಚೆನ್ನಾಗಿ ಬಲ್ಲಳು. ಇದಕ್ಕೆ ಮೇಡಂ ಬಳಿ ವ್ಯಾಯಾಮವಿರಲಿಲ್ಲ.

ಕಟ್ಟೆಯಲ್ಲಿ ಇಬ್ಬರೂ ಏದುಸಿರು ಬಿಡುತ್ತಾ ಇಳಿದರು. ಏಣಿ ಮುಖ ಒರೆಸಿಕೊಳ್ಳುತ್ತಾ ಅವಳನ್ನೇ ನೋಡಿದಳು, ಕೇಳುತ್ತಾಳೇನೋ ಎಂದು. ಡಂಗುರ ಕೇಳಲಿಲ್ಲ.

"ಎಳೆಯೋವಾಗ ನಿನ್ನ ಮುಖ ಎಷ್ಟು ಕೆಟ್ಟದಾಗಿರುತ್ತೆ ಗೊತ್ತೇನೇ?" ಅಂದಳು.

"ಹೇಗಿರುತ್ತೆ ಅಕ್ಕಾ?" ಹೊಸ ಹುಡುಗಿ ಆಸೆಯಿಂದ ಹತ್ತಿರ ಬಂದಳು.

"ನೀನು ಏನು ಕೂಗ್ದೆ ಅಂತ ನಾನು ಕೇಳಿದ್ನಾ?"